ಬಾವಿ ಪಿಕ್ಚರಿಗೆ ಒಂದನೇ ನಂಬರು

ಮೈಕಮ್ಮನಿಗೆ ಸಿಟ್ಟು ಬಂದಿದೆ ಅನ್ನೋದು ಮೊದಲು ಗೊತ್ತಾಗೋದು ಅವಳ ಹೊಲಿಗೆ ಮೆಷಿನ್ನಿಗೆ. ಆವತ್ತು ಬೆಳಿಗ್ಗೆ ಸೂಜಿ ಮೇಲೆ ಸೂಜಿ ಮುರೀತಿತ್ತು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸೋಕೆ ಬಂದಿದ್ದ ಗಿರಾಕಿಯೊಬ್ಬ ಅವಳ ಮುಖ ನೋಡಿದವನೇ, "ಅರ್ಜೆಂಟೇನಿಲ್ಲ, ಇನ್ನೊಂದು ದಿನ ಬರ್ತೀನಿ" ಅಂತ ಪ್ಯಾಂಟನ್ನೂ ಅಲ್ಲೇ ಬಿಟ್ಟು ಜಾಗ ಖಾಲಿ ಮಾಡಿದ. ಜಾಣ ಅವನು.

ಇಷ್ಟಕ್ಕೆಲ್ಲ ಕಾರಣ ಒಂದು ಬೋರ್ಡು. ದಾರ ತರೋಕೆ ಹೋದವಳು ಹಳೇ ಟಾಕೀಸಿನ ಮುಂದೆ ನಿಂತಿದ್ದೇ ತಪ್ಪಾಯಿತು. ಊರಿನ ಸಿನಿಮಾ ಸಂಘದವರು ಅಲ್ಲಿ ಆಳೆತ್ತರದ ಬೋರ್ಡು ನಿಲ್ಲಿಸಿದ್ದರು. ಟೋಪಿ ದೊರೆ ಹುಟ್ಟಿ ನೂರು ವರ್ಷ ಆಯಿತಂತೆ. ಟೋಪಿ ದೊರೆ ಅಂದರೆ ಪರದೇಶದ ಕುದುರೆ ಪಿಕ್ಚರುಗಳ ದೊಡ್ಡ ಹೀರೊ; ಅವನ ನಿಜವಾದ ಹೆಸರು ಈ ಊರಿನ ಯಾರ ನಾಲಿಗೆಯಲ್ಲೂ ಹೊರಳದೆ, ಅವನ ಅಗಲ ಟೋಪಿಯೇ ಅವನಿಗೆ ಹೆಸರಾಗಿ ಉಳಿದಿತ್ತು. ಬೋರ್ಡಿನಲ್ಲಿ ಅವನ ಪಿಕ್ಚರುಗಳಿಗೆಲ್ಲ ನಂಬರು ಕೊಟ್ಟಿದ್ದರು. ಒಂದು ಕಡೆ ಲೋಕದ ಲೆಕ್ಕ: ಹೊರದೇಶದ ವಿಮರ್ಶಕರು ಹೊಗಳಿದ್ದು, ಅಲ್ಲಿನ ಜನ ಮುಗಿಬಿದ್ದು ನೋಡಿದ್ದು. ಇನ್ನೊಂದು ಕಡೆ ಊರಿನ ಲೆಕ್ಕ: ಇಲ್ಲಿಯವರು ಓಟು ಹಾಕಿದ್ದು. ಲೋಕದ ಲೆಕ್ಕದಲ್ಲಿ ಸೇತುವೆ ಪಿಕ್ಚರು ಮೊದಲು, ರೈಲು ಪಿಕ್ಚರು ಅದರ ಬೆನ್ನಿಗೆ, ಎಲ್ಲಕ್ಕಿಂತ ತಳದಲ್ಲಿ, ಕೇಳೋರೇ ಇಲ್ಲದ ಹಾಗೆ, ಬಾವಿ ಪಿಕ್ಚರು. ಊರಿನ ಲೆಕ್ಕದಲ್ಲಿ ಎಲ್ಲಾ ತಲೆಕೆಳಗು. ಬಾವಿ ಪಿಕ್ಚರಿಗೆ ಒಂದನೇ ನಂಬರು, ಸೇತುವೆ ಪಾತಾಳಕ್ಕೆ.

ಅಷ್ಟೇ ಆಗಿದ್ದರೆ ಅವಳು ಹಿಗ್ಗಿ ಹೀರೇಕಾಯಿ ಆಗಿ ಮನೆಗೆ ಬರ್ತಿದ್ದಳು. ಆದರೆ ಬಾವಿ ಪಿಕ್ಚರಿನ ಕೆಳಗೆ ಕೆಂಪು ಬಣ್ಣದಲ್ಲಿ ಇನ್ನೊಂದು ಸಾಲಿತ್ತು: "ನಮ್ಮ ಮೈಕಪ್ಪನವರ ಕಂಠದ ಪವಾಡ! ಭಾನುವಾರ ಅವರಿಗೆ ಸನ್ಮಾನ. ಎಲ್ಲರೂ ಬನ್ನಿ."

ಮೈಕಪ್ಪ ಅವಳ ಗಂಡ. ಆ ಪವಾಡದ ಕಂಠ ಅವಳದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾಲದಲ್ಲಿ ಪರದೇಶದ ಪಿಕ್ಚರುಗಳು ಅವರ ಭಾಷೆಯಲ್ಲೇ ಬರ್ತಿದ್ದವು. ಪರದೆಯ ಅಡಿಯಲ್ಲಿ ಅಕ್ಷರ ಇಲ್ಲ; ಇದ್ದಿದ್ದರೂ ಓದೋರು ಎಷ್ಟು ಜನ? ಅದಕ್ಕೆ ಟಾಕೀಸಿನವರು ಒಬ್ಬನ ಕೈಗೆ ಮೈಕು ಕೊಟ್ಟು ಪರದೆಯ ಪಕ್ಕ ನಿಲ್ಲಿಸ್ತಿದ್ದರು. ಪಾತ್ರಗಳ ತುಟಿ ಆಡಿದ ಹಾಗೆಲ್ಲ ಅವನು ನಮ್ಮ ಮಾತು ಆಡಬೇಕು. ಹೀರೊಗೆ ಹೀರೊ ದನಿ, ಕಳ್ಳನಿಗೆ ಕಳ್ಳನ ದನಿ, ಮುದುಕನಿಗೆ ಕೆಮ್ಮು, ಎಲ್ಲಾ ಅವನದೇ. ಪಿಕ್ಚರಿನ ಜೊತೆ ಕಥೆಯ ಸಾರಾಂಶ ಅಂತ ಒಂದು ಹಾಳೆ ಬರ್ತಿತ್ತು, ಉಳಿದದ್ದು ಅವನ ಬಾಯಿ, ಅವನ ಪುಣ್ಯ. ಈ ಊರಿನಲ್ಲಿ ಆ ಕೆಲಸ ಮಾಡ್ತಿದ್ದವನೇ ಮೈಕಪ್ಪ. ಅವನ ಹೆಂಡತಿ ಅನ್ನೋ ಕಾರಣಕ್ಕೆ ಅವಳು ಮೈಕಮ್ಮ. ಹೂವಿನ ಜೊತೆ ನಾರು ಸ್ವರ್ಗಕ್ಕೆ ಹೋಯಿತು ಅಂತಾರಲ್ಲ, ಹಾಗೆ ಅಂದುಕೊಂಡಿತ್ತು ಊರು. ಯಾವುದು ಹೂವು ಯಾವುದು ನಾರು ಅಂತ ಯಾರೂ ಕೇಳಲಿಲ್ಲ.

ಮೈಕಪ್ಪ ಕೆಟ್ಟ ಕೆಲಸಗಾರನಲ್ಲ, ಸುಳ್ಳು ಯಾಕೆ ಹೇಳಬೇಕು. ಹಾಳೆಯಲ್ಲಿದ್ದದ್ದನ್ನು ಪಾಠ ಒಪ್ಪಿಸಿದ ಹಾಗೆ ಒಪ್ಪಿಸ್ತಿದ್ದ. ಸೇತುವೆ ಪಿಕ್ಚರನ್ನೂ ಹಾಗೇ ಒಪ್ಪಿಸಿದ. ಲೋಕವೇ ತಲೆ ಮೇಲೆ ಹೊತ್ತು ಮೆರೆಸಿದ ಆ ಪಿಕ್ಚರಿಗೆ ಇಲ್ಲಿ ಜನ ಆಕಳಿಸಿದರು, ಅರ್ಧಕ್ಕೇ ಎದ್ದುಹೋದರು. ಆಮೇಲೆ ಬಂದದ್ದು ಬಾವಿ ಪಿಕ್ಚರು. ಅದು ಬಂದ ವಾರವೇ ಅವನ ಗಂಟಲು ಕಟ್ಟಿಕೊಂಡಿತು. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಈಗ ಒಂದು ಮಾತಾಡಿದರೂ ಮುಂದೆ ದನಿಯೇ ಇರಲ್ಲ" ಅಂದರು. ಟಾಕೀಸಿನ ಮಾಲೀಕ ಅಯ್ಯೋ ಪಾಪ ಅನ್ನೋ ಪೈಕಿ ಅಲ್ಲ. ಪಕ್ಕದೂರಿನ ಇನ್ನೊಬ್ಬನನ್ನು ಕರೆಸೋ ಮಾತು ಆಗಲೇ ಶುರುವಾಗಿತ್ತು.

"ನಾನು ಹೇಳ್ತೀನಿ" ಅಂದಳು ಅವಳು.

ಅವಳ ದನಿ ಹುಟ್ಟಿನಿಂದಲೇ ಗಂಡುದನಿ. ಚಿಕ್ಕಂದಿನಲ್ಲಿ ಅಣ್ಣಂದಿರು "ಏನೋ ತಮ್ಮಾ" ಅಂತ ರೇಗಿಸಿ ಅಳಿಸ್ತಿದ್ದರು. ಮದುವೆ ಮಾತುಕತೆಯ ದಿನ ಅವರಮ್ಮ, "ಏನು ಕೇಳಿದರೂ ತಲೆ ಆಡಿಸು, ಬಾಯಿ ಮಾತ್ರ ಬಿಡಬೇಡ" ಅಂತ ಆಣೆ ಮಾಡಿಸಿಕೊಂಡಿದ್ದಳು. ಈಗಲೂ ಅಂಗಡಿಯ ಫೋನು ಎತ್ತಿದರೆ ಗಿರಾಕಿಗಳು "ಸಾರ್, ಅಮ್ಮಾವ್ರು ಇದಾರಾ?" ಅಂತಾರೆ. ಗಂಡನ ದನಿಯನ್ನಂತೂ ಅವಳು ಅವನಿಗಿಂತ ಚೆನ್ನಾಗಿ ತೆಗೀತಿದ್ದಳು, ಅಡುಗೆಮನೆಯಲ್ಲಿ ಅವನನ್ನು ಅಣಕಿಸಿ ಅಣಕಿಸಿ ಪಳಗಿದ್ದಳು.

ಮೈಕಪ್ಪ ಗಾಬರಿಯಾಗಿ, ಕೈಬಾಯಿ ಸನ್ನೆ ಮಾಡಿ, ಹೆಂಗಸು ಮೈಕು ಹಿಡಿದರೆ ಜನ ಕಲ್ಲು ಹೊಡೀತಾರೆ ಅಂತ ತಿಳಿಸಿದ. "ಜನಕ್ಕೆ ಕಂಡರೆ ತಾನೆ ಕಲ್ಲು?" ಅಂದಳು ಅವಳು. ಪಿಕ್ಚರು ಬಿಡೋ ಮೆಷಿನ್ನಿನ ಆಪರೇಟರ್ ಒಬ್ಬನನ್ನು ಮಾತ್ರ ಗುಟ್ಟಿಗೆ ಸೇರಿಸಿಕೊಂಡರು. ಅವನು ಪರದೆಯ ಹಿಂದಕ್ಕೆ ಗುಟ್ಟಾಗಿ ಇನ್ನೊಂದು ವೈರು ಎಳೆದು, ಇನ್ನೊಂದು ಮೈಕು ಕಟ್ಟಿಕೊಟ್ಟ. ಮುಂದೆ ಮೈಕಪ್ಪ ದನಿಯೇ ಬಾರದ ಮೈಕು ಹಿಡಿದು ಬಾಯಿ ಆಡಿಸ್ತಾನೆ. ಹಿಂದೆ ಧೂಳು, ಇಲಿ, ಬೆವರು ಕಿತ್ತುಬರೋ ಸೆಖೆಯಲ್ಲಿ ಮುರುಕು ಪೆಟ್ಟಿಗೆ ಮೇಲೆ ಕೂತು ಅವಳು ಮಾತಾಡ್ತಾಳೆ.

ಪರದೆ ಬಟ್ಟೆಯದು, ಹಿಂದಿನಿಂದಲೂ ಚಿತ್ರ ಕಾಣ್ತಿತ್ತು. ಆದರೆ ಹಿಂದುಮುಂದು. ಬಲಕ್ಕಿದ್ದದ್ದು ಎಡಕ್ಕೆ, ಎಡಕ್ಕಿದ್ದದ್ದು ಬಲಕ್ಕೆ. ಅದು ಅವಳ ತಲೆಗೇ ಹೋಗಲಿಲ್ಲ. ಟೋಪಿ ದೊರೆ ಎಡಚ ಅಂತಲೇ ತಿಳಿದುಕೊಂಡು, ಅವನು ಕೈ ಎತ್ತಿ ಕಳ್ಳರಿಗೆ ಸವಾಲು ಹಾಕೋ ಜಾಗದಲ್ಲಿ, "ಈ ಎಡಗೈ ಇದೆಯಲ್ಲ, ಇದು ಸುಳ್ಳು ಹೇಳಿ ಗೊತ್ತಿಲ್ಲ ಕಣ್ರೋ!" ಅಂದುಬಿಟ್ಟಳು. ಮುಂದೆ ಕೂತವರಿಗೆ ಕಾಣ್ತಿದ್ದದ್ದು ಬಲಗೈ. ಒಬ್ಬನೂ ನಗಲಿಲ್ಲ. ಅಷ್ಟು ಹೊತ್ತಿಗೆ ಅವರೆಲ್ಲ ಆ ದನಿಯ ವಶ ಆಗಿಹೋಗಿದ್ದರು.

ಅದಕ್ಕೂ ದೊಡ್ಡ ಕಿತಾಪತಿ ಇನ್ನೊಂದಿದೆ. ನೀರಿಲ್ಲದ ಊರಿನಲ್ಲಿ ಒಬ್ಬ ಒಂಟಿ ಹೆಂಗಸಿನ ಬಾವಿ, ಅದನ್ನು ಕಿತ್ತುಕೊಳ್ಳೋಕೆ ಬರೋ ಕಳ್ಳರು, ಅಡ್ಡ ನಿಲ್ಲೋ ಟೋಪಿ ದೊರೆ: ಕಥೆ ಇಷ್ಟೇ. ಹಾಳೆಯ ಪ್ರಕಾರ ಆ ಹೆಂಗಸಿಗೆ ಇದ್ದದ್ದು ಒಂದೆರಡು ಮಾತು. ಮಿಕ್ಕ ಹೊತ್ತೆಲ್ಲ ಅವಳು ಬೆನ್ನು ತಿರುಗಿಸಿಕೊಂಡು ನೀರು ಸೇದ್ತಾ ಇರ್ತಾಳೆ. ಬೆನ್ನು ತಿರುಗಿಸಿದವಳ ತುಟಿ ಯಾರಿಗೆ ಕಾಣುತ್ತೆ? ಮೈಕಮ್ಮ ಅಲ್ಲೇ ನುಗ್ಗಿದಳು. ನೀರು ಸೇದೋ ಒಂದೊಂದು ಸಲಕ್ಕೂ ಆ ಹೆಂಗಸಿನ ಬಾಯಲ್ಲಿ ಹೀರೊಗೆ ಬೈಗುಳದ ಮಂಗಳಾರತಿ. "ಬಾಯಾರಿದಾಗ ಅಕ್ಕಾ, ನೀರು ಕುಡಿದ ಮೇಲೆ ಯಾರಕ್ಕಾ?" ಅಂದಾಗ ಟಾಕೀಸಿನ ಚಾವಣಿ ಹಾರಿಹೋಗೋ ಹಾಗೆ ಶಿಳ್ಳೆ ಬಿತ್ತು. ಇವತ್ತಿಗೂ ಆ ಊರಿನಲ್ಲಿ ಯಾರಾದರೂ ಕೆಲಸ ಆದ ಮೇಲೆ ಮುಖ ತಿರುಗಿಸಿದರೆ ಈ ಮಾತೇ ಬೀಳೋದು. ಜನ ಒಬ್ಬರಿಗೊಬ್ಬರು ಹೇಳಿಕೊಂಡರು: "ಗಂಡಸಾಗಿ ಹೆಂಗಸಿನ ಮಾತು ಎಷ್ಟು ಚೆನ್ನಾಗಿ ಆಡ್ತಾನಪ್ಪಾ ಮೈಕಪ್ಪ!" ಪರದೆಯ ಹಿಂದೆ ಅದು ಅವಳ ಕಿವಿಗೂ ಬಿತ್ತು. ಆಗ ನಕ್ಕಿದ್ದಳು. ಎಂಥ ದಡ್ಡಿ ನಾನು ಅಂತ ಆಮೇಲೆ ಎಷ್ಟೋ ಸಲ ಹಲ್ಲು ಕಡಿದಿದ್ದಾಳೆ.

ಪಿಕ್ಚರು ಎತ್ತಿದರು, ಅವನ ಗಂಟಲೂ ವಾಸಿ ಆಯಿತು. ಮುಂದಿನ ಪಿಕ್ಚರನ್ನು ಅವನೇ ಹೇಳಿದ. "ಯಾಕೋ ಮೊದಲಿನ ಥರ ಇಲ್ಲವಲ್ಲ" ಅಂದರು ಜನ. ಆಮೇಲೆ ಎಲ್ಲಾ ಪಿಕ್ಚರೂ ನಮ್ಮ ಮಾತಿನಲ್ಲೇ ಬರೋಕೆ ಶುರುವಾಗಿ ಮೈಕಿನ ಕೆಲಸವೇ ಹೋಯಿತು. ಕೆಲಸ ಹೋದರೂ ಹೆಸರು ಹೋಗಲಿಲ್ಲ. ಕ್ಷೌರದಂಗಡಿಯಲ್ಲಿ ಅವನಿಗೆ ಮೊದಲ ಕುರ್ಚಿ, ಹೋಟೆಲಿನಲ್ಲಿ ಪುಕ್ಕಟೆ ಟೀ, ಎಲ್ಲಿ ಹೋದರೂ "ಒಂದ್ಸಲ ಆ ಎಡಗೈ ಡೈಲಾಗ್ ಹೇಳಿ ಅಣ್ಣಾ". ಅವನೂ ಹೇಳ್ತಿದ್ದ. ಹೇಳಿ ಹೇಳಿ, ತಾನೇ ಹೇಳಿದ್ದು ಅಂತ ನಂಬಿಯೂಬಿಟ್ಟ. ಇತ್ತ ಅವಳು ಪ್ಯಾಂಟು ಗಿಡ್ಡ ಮಾಡಿ, ಷರ್ಟು ಸಡಿಲ ಮಾಡಿ, ಮಗಳನ್ನು ಓದಿಸಿ, ಮನೆ ಹೊತ್ತು ನಡೆಸಿದಳು. ವರ್ಷಕ್ಕೊಂದು ಸಲ ಕೇಳ್ತಿದ್ದಳು: "ಯಾವಾಗ ಹೇಳ್ತೀರಿ ಜನಕ್ಕೆ?" "ಮಾಲೀಕರಿಗೆ ಗೊತ್ತಾದರೆ ಏನ್ ಗತಿ" ಅಂತಿದ್ದ. ಮಾಲೀಕ ಸತ್ತ. "ಈಗ ಹೇಳಿದರೆ ಚೆನ್ನಾಗಿರುತ್ತೇನೇ?" ಅಂದ. ಗೊತ್ತಿದ್ದ ಆಪರೇಟರೂ ಸತ್ತ. ಅಲ್ಲಿಗೆ ಸಾಕ್ಷಿ ಹೇಳೋರೂ ಇಲ್ಲದ ಹಾಗಾಯಿತು.

ಇಷ್ಟು ಹೊಟ್ಟೆಯಲ್ಲಿಟ್ಟುಕೊಂಡಿದ್ದವಳು ಆ ಬೋರ್ಡು ಓದಿ ಬಂದರೆ ಸೂಜಿ ಮುರೀದೆ ಇನ್ನೇನು ಮುರೀಬೇಕು?

ಮಧ್ಯಾಹ್ನ ಅವಳು ಅಂಗಡಿಯಿಂದ ಮನೆಗೆ ಬಂದಾಗ ಮೈಕಪ್ಪ ಭಾನುವಾರಕ್ಕೆ ಅಂತ ಬೂಟಿಗೆ ಪಾಲಿಶ್ ಹಾಕ್ತಾ ಕೂತಿದ್ದ. ಅದೂ ಹಾಡು ಗುನುಗಿಕೊಂಡು.

"ಬೋರ್ಡು ನೋಡಿದೆ" ಅಂದಳು.

"ಜನರ ಪ್ರೀತಿ ನೋಡು" ಅಂದ ಅವನು, ತಲೆ ಎತ್ತದೆ.

"ಯಾರ ಮೇಲಿನ ಪ್ರೀತಿ?"

ಬ್ರಷ್ಷು ಸ್ವಲ್ಪ ನಿಧಾನ ಆಯಿತು. "ಗಂಡ ಹೆಂಡ್ತಿ ಅಂದ ಮೇಲೆ ನಿಂದು ನಂದು ಅಂತ ಇರುತ್ತೇನೇ?"

"ಇರಲ್ವಾ? ಸರಿ ಹಾಗಾದ್ರೆ. ಭಾನುವಾರ ನಾನು ಹೋಗಿ ಸನ್ಮಾನ ಮಾಡಿಸ್ಕೋತೀನಿ, ನೀವು ಅಂಗಡೀಲಿ ಕೂತು ಜಿಪ್ ಹಾಕ್ರಿ."

"ಎಲ್ಲಾದಕ್ಕೂ ಎಗರಾಡಬೇಡ. ಅದೂ ಅಲ್ದೆ, ಮಧ್ಯೆ ಮಧ್ಯೆ ನಾನೂ ಹೇಳಿದ್ನಲ್ಲ..."

"ಏನು ಹೇಳಿದ್ರಿ? ಯಾವ ಮಧ್ಯೆ? ಬಿಸಿನೀರು ಬಿಟ್ರೆ ಗಂಟಲಲ್ಲಿ ಗಾಳಿನೂ ಆಡ್ತಿರ್ಲಿಲ್ಲ ನಿಮಗೆ! ಅಗಲ ಟೋಪಿ ಹಾಕಿದ್ದು ಆ ದೊರೆ ಒಬ್ಬನೇ ಅಂದ್ಕೊಂಡಿದ್ದೆ. ನೀವು ಊರಿಗೆಲ್ಲ ಹಾಕಿದ್ರಿ, ಜೊತೆಗೆ ನನಗೂ ಹಾಕಿದ್ರಿ!"

ಗಲಾಟೆ ಕೇಳಿ ಮಗಳು ಒಳಗಿನಿಂದ ಬಂದಳು. ಅವಳಿಗೆ ಈ ವಿಷಯ ಗೊತ್ತಾಗಿದ್ದೇ ಆವತ್ತು. ಅಮ್ಮ ಎಲ್ಲಾ ಒದರಿ ಮುಗಿಸಿದ ಮೇಲೆ ಅವಳು ಮಾಡಿದ ಮೊದಲ ಕೆಲಸ, ಅಪ್ಪನ ಮುಖ ನೋಡಿದ್ದು. ನಿಜಾನಾ ಅಂತ ಕಣ್ಣಲ್ಲೇ ಕೇಳಿದಳು. ತಾನು ಹೆತ್ತ ಮಗಳೂ ಗಂಡಸು ಹೂಂ ಅಂದರೇ ನಂಬೋದು! ಮೈಕಮ್ಮನಿಗೆ ಪಿತ್ತ ನೆತ್ತಿಗೇರಿತು.

ಅಪ್ಪ ನೆಲ ನೋಡಿದ. ಮಗಳಿಗೆ ಅಷ್ಟು ಸಾಕಾಯಿತು. ಆದರೂ ಅವಳು ಹೇಳಿದ್ದು, "ಹೋಗ್ಲಿ ಬಿಡಮ್ಮ. ಅಪ್ಪಂಗೂ ವಯಸ್ಸಾಯ್ತು."

"ನನಗೇನು ವಯಸ್ಸು ಇಳೀತಾ ಇದ್ಯಾ?" ಅಂದಳು ಮೈಕಮ್ಮ. "ಲೋಕದೋರು ಕಸ ಅಂತ ಬಿಸಾಕಿದ ಪಿಕ್ಚರ್ ಅದು. ಇಲ್ಲಿ ಮೊದಲನೇ ನಂಬರ್ ಆಗಿದ್ದು ಯಾಕೆ? ಆ ದೊರೆ ಮುಖ ನೋಡ್ಕೊಂಡಾ? ಜನ್ಮದಲ್ಲಿ ನಾನು ಮಾಡಿದ ಒಂದೇ ಒಂದು ಅಂಥ ಕೆಲಸ ಕಣೇ ಅದು. ಪ್ಯಾಂಟಿನ ತುದಿ ಮಡಿಸಿದ್ದಕ್ಕೆ ಯಾರೂ ನನ್ನ ನೆನಪು ಇಟ್ಕೊಳಲ್ಲ. ಇದಕ್ಕಾದ್ರೂ ಇಟ್ಕೊಳ್ಲಿ. ನನಗೆ ಹೂವಿನ ಗುಚ್ಛ ಬೇಡ, ಕುರ್ಚಿ ಬೇಡ. ಮಾಡಿದ್ದು ಇವಳು ಅಂತ ಇವರ ಬಾಯಲ್ಲಿ ಒಂದು ಮಾತು ಬರಬೇಕು. ಅಷ್ಟೇ."

ಮೈಕಪ್ಪ ಬೂಟು ಕೆಳಗಿಟ್ಟ. "ಆಯ್ತು ಮಾರಾಯ್ತಿ. ಭಾನುವಾರ ಸ್ಟೇಜಿನ ಮೇಲೆ ನಾನೇ ಹೇಳ್ತೀನಿ. ಎಲ್ಲರ ಮುಂದೆ. ಸಾಕಾ?"

"ಮಾತು?"

"ಮಾತು ಅಂದ್ರೆ ಮಾತು."

ಭಾನುವಾರ ಮಧ್ಯಾಹ್ನ ಟಾಕೀಸು ತುಂಬಿ ತುಳುಕ್ತಿತ್ತು. ಹಳಬರೆಲ್ಲ ಮೊಮ್ಮಕ್ಕಳನ್ನು ಎಳೆದುಕೊಂಡು ಬಂದಿದ್ದರು. ಮೈಕಮ್ಮ ಮಗಳ ಜೊತೆ ಮುಂದಿನ ಸಾಲಿನಲ್ಲೇ ಕೂತಳು. ಇಸ್ತ್ರಿ ಮಾಡಿದ ಬಟ್ಟೆ, ಬಾಚಿ ಕಟ್ಟಿದ ತಲೆ.

ಸಿನಿಮಾ ಸಂಘದ ಅಧ್ಯಕ್ಷರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಎಳೆದರು, ಎಳೆದರು, ಭಾಷಣವನ್ನು ಚೂಯಿಂಗ್ ಗಮ್ಮಿನ ಹಾಗೆ ಎಳೆದರು. ಲೋಕದ ಲೆಕ್ಕ ಯಾಕೆ ಬೇರೆ, ಊರಿನ ಲೆಕ್ಕ ಯಾಕೆ ಬೇರೆ ಅಂತ ವಿವರಿಸಿದರು. "ಹೊರದೇಶದ ವಿಮರ್ಶಕರು ಬಾವಿ ಪಿಕ್ಚರಿನಲ್ಲಿ ಆ ಹೆಂಗಸಿನ ಪಾತ್ರಕ್ಕೆ ಜೀವವೇ ಇಲ್ಲ ಅಂತ ಬರೆದರು. ನಮ್ಮಲ್ಲಿ ಆ ಪಾತ್ರಕ್ಕೆ ಜೀವ ಕೊಟ್ಟವರು ಯಾರು?" ಅಂತ ಕೇಳಿ, ಮೈಕಪ್ಪನ ಕಡೆ ಕೈ ತೋರಿಸಿದರು. ಜನ ಚಪ್ಪಾಳೆಯಲ್ಲಿ ಮುಳುಗಿಸಿಬಿಟ್ಟರು. ಮೈಕಪ್ಪ ಎದ್ದು ಬಗ್ಗಿ ನಮಸ್ಕಾರ ಮಾಡಿದ. ಹೂವಿನ ಗುಚ್ಛ ಬಂತು, ಫೋಟೊ ಬಂತು. ಅವಳು ಅವನನ್ನೇ ನುಂಗೋ ಹಾಗೆ ನೋಡ್ತಿದ್ದಳು. ಅವನು ಅವಳೊಬ್ಬಳನ್ನು ಬಿಟ್ಟು ಟಾಕೀಸಿನ ಎಲ್ಲರನ್ನೂ ನೋಡಿದ.

ಆಮೇಲೆ ಬಾವಿ ಪಿಕ್ಚರಿನ ಒಂದು ತುಣುಕು ತೋರಿಸಿದರು. ಟೋಪಿ ದೊರೆ ಕೈ ಎತ್ತಿದ. ಅಲ್ಲಿಗೆ ಚಿತ್ರ ನಿಲ್ಲಿಸಿ ಮೇಷ್ಟ್ರು ಮೈಕಪ್ಪನ ಕೈಗೆ ಮೈಕು ಕೊಟ್ಟರು. "ಇದು ನನ್ನ ಬಹಳ ದಿನದ ಪ್ರಶ್ನೆ ಸ್ವಾಮಿ. ಇಲ್ಲಿ ಎತ್ತಿರೋದು ಬಲಗೈ. ನೀವು ಎಡಗೈ ಅಂದಿರಿ. ನನ್ನ ಪ್ರಕಾರ ಅದರಲ್ಲಿ ದೊಡ್ಡ ತತ್ವ ಇದೆ. ನೀವೇ ಹೇಳಬೇಕು."

ಇಗೋ, ಹೇಳೋಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗುತ್ತೆ? ಬಾಗಿಲು ತೆಗೆದು, ಕರೆದು, ಕೂರಿಸಿ ಕೇಳಿದ ಹಾಗಿತ್ತು. ಮೈಕಮ್ಮ ಮಗಳ ಕೈ ಗಟ್ಟಿಯಾಗಿ ಹಿಡಿದಳು.

ಮೈಕಪ್ಪ ಕೆಮ್ಮಿದ. "ತತ್ವ ಇದೆ" ಅಂದ. "ಎಡಗೈ ಅಂದ್ರೆ ಹೃದಯದ ಕಡೆ ಇರೋ ಕೈ. ಲೋಕಕ್ಕೆ ತೋರಿಸೋ ಕೈ ಬೇರೆ, ಒಳಗಿನ ಕೈ ಬೇರೆ. ಆ ಹೊತ್ತಿನಲ್ಲಿ ನನಗೆ ಹಾಗೆ ಹೊಳೀತು."

"ಭಲೇ!" ಅಂದರು ಮೇಷ್ಟ್ರು.

"ಯಾವ ಹೃದಯನೂ ಅಲ್ಲ, ಮಣ್ಣೂ ಅಲ್ಲ!"

ಟಾಕೀಸಿಗೆ ಟಾಕೀಸೇ ತಿರುಗಿತು. ಮೈಕಮ್ಮ ಎದ್ದು ನಿಂತಿದ್ದಳು. ಎದ್ದದ್ದು ಯಾವಾಗ ಅಂತ ಅವಳಿಗೇ ಗೊತ್ತಿಲ್ಲ. "ಅದು ತಪ್ಪು ಕಣ್ರೀ, ತಪ್ಪು! ಪರದೆ ಹಿಂದಿನಿಂದ ನೋಡಿದ್ರೆ ಬಲಗೈ ಎಡಗೈ ಥರ ಕಾಣುತ್ತೆ. ಮುಂದೆ ನಿಂತೋನಿಗೆ ಆ ತಪ್ಪು ಆಗೋಕೆ ಸಾಧ್ಯಾನೇ ಇಲ್ಲ. ಹಿಂದೆ ಕೂತು ಹೇಳಿದೋಳು ನಾನು. ಇವರು ಬಾಯಿ ಆಡಿಸಿದ್ರು, ಅಷ್ಟೇ!"

ಹಿಂದಿನ ಸಾಲಿನಿಂದ ಯಾರೋ ಕಿಸಕ್ ಅಂದರು. "ಸನ್ಮಾನ ನೋಡಿ ಹೆಂಡ್ತಿಗೆ ಹೊಟ್ಟೆಕಿಚ್ಚು" ಅಂದ ಇನ್ನೊಬ್ಬ. ನಗು ಹಬ್ಬಿತು. ಮೇಷ್ಟ್ರು ಮಾತ್ರ ನಗಲಿಲ್ಲ. ನಿಂತಿದ್ದ ಚಿತ್ರದ ಕೈ ನೋಡಿದರು, ಪರದೆ ನೋಡಿದರು, ಮೈಕಪ್ಪನ ಕಡೆ ತಿರುಗಿದರು. "ನಿಜವಾ ಸ್ವಾಮಿ?"

ಎಲ್ಲರೂ ಅವನನ್ನು ನೋಡಿದರು. ಮೈಕಪ್ಪ ಮೈಕು ಬಾಯಿಯ ಹತ್ತಿರ ತಂದ. ತುಟಿ ತೆರೆದ. ತುಟಿ ಆಡಿತು. ಮಾತು ಬರಲಿಲ್ಲ. ಬರೀ ತುಟಿ ಆಡ್ತಾನೇ ಇತ್ತು. ಆಗ ಅವನು ಮೊದಲ ಸಲ ಅವಳನ್ನು ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತು. ಬಾವಿ ಪಿಕ್ಚರಿನ ದಿನಗಳಲ್ಲಿ ಆಟ ಶುರುವಾಗೋ ಮುಂಚೆ ಪರದೆಯ ಸಂದಿಯಲ್ಲಿ ಬಗ್ಗಿ ಹೀಗೇ ನೋಡ್ತಿದ್ದ: ಕೈ ಬಿಡಬೇಡ ಕಣೇ, ದನಿ ಕೊಡು.

ಅವಳ ಮೈಯೆಲ್ಲ ಉರಿದುಹೋಯಿತು. ಇಷ್ಟಾದ ಮೇಲೂ! ಇಷ್ಟಾದ ಮೇಲೂ ಇವನ ಮಾತು ನಾನೇ ಆಡಬೇಕಾ?

ಆ ತುಟಿ ಏನು ಹೇಳೋಕೆ ಹೊರಟಿತ್ತೋ, ಹೌದು ಅಂತಲೋ, ಇಲ್ಲ ಅಂತಲೋ, ದೇವರಿಗೇ ಗೊತ್ತು. ಆದರೆ ಆಡೋ ತುಟಿಗೆ ಯಾವ ಮಾತು ಕೂರಿಸಬೇಕು ಅಂತ ಹಾಳೆ ನೋಡಿ ತಿಳಿಯೋಳಲ್ಲ ಅವಳು. ಮೈಕಿಲ್ಲದೆ, ನಿಂತ ಜಾಗದಿಂದಲೇ, ಅವನ ದನಿಯಲ್ಲಿ, ಅವನ ತುಟಿಗೆ ಸರಿಯಾಗಿ ಹೇಳಿದಳು:

"ಹೌದು ಮೇಷ್ಟ್ರೇ. ಆ ಪಿಕ್ಚರ್ ಹೇಳಿದ್ದು ನನ್ನ ಹೆಂಡ್ತಿ. ನಾನಲ್ಲ. ಇಷ್ಟು ವರ್ಷ ಸುಳ್ಳು ಹೇಳಿದೆ."

ಸ್ಟೇಜಿನ ಮೇಲೆ ಮೈಕಪ್ಪನ ಬಾಯಿ ಆಡ್ತಿತ್ತು, ಮೈಕಪ್ಪನ ದನಿ ಮುಂದಿನ ಸಾಲಿನಿಂದ ಬರ್ತಿತ್ತು. ಹಳಬರಲ್ಲಿ ಒಬ್ಬಳು ಮುದುಕಿ "ಅಯ್ಯೋ, ಅದೇ ದನಿ!" ಅಂತ ಎದ್ದುನಿಂತಳು. ಅವಳ ಪಕ್ಕದವನೂ ಎದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಸುಮ್ಮನೆ ಎದ್ದು ನಿಂತರು, ನಕ್ಕಿದ್ದವರೂ.

ಮೈಕಪ್ಪ ಬಾಯಿ ಮುಚ್ಚಿದ. ಕೆಳಗಿಳಿದು ಬಂದು ಹೂವಿನ ಗುಚ್ಛವನ್ನು ಅವಳ ಮುಂದೆ ಹಿಡಿದ. ಅವಳು ಅದನ್ನು ಮುಟ್ಟಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಇದೇ ಕೊನೆ ರೀ" ಅಂದಳು. "ಇನ್ಮೇಲೆ ನಿಮ್ಮ ಮಾತು ನೀವೇ ಆಡ್ಕೊಳಿ."